ಮೊದಲು ಮಳೆನೀರಿನ ದಾರಿ ನೋಡಿ, ಆಮೇಲೆ ಅಂಗಳ ಮಾಡಿ

ನಮ್ಮ ಕಾಸರಗೋಡಿನ ಕಡೆ ಈಗ ಹೊಸ ಮನೆ ಆಯಿತೆಂದರೆ ಅಂಗಳಕ್ಕೆ ಪೂರ್ತಿ ಸಿಮೆಂಟ್ ಇಟ್ಟಿಗೆಯ ಇಂಟರ್‌ಲಾಕ್. ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಎಲ್ಲಿ ಹೋದರೂ ಇದೇ. ಮಾರ್ಚ್ ತಿಂಗಳ ಮಧ್ಯಾಹ್ನ ಅದರ ಮೇಲೆ ಬರಿಗಾಲಿಡಲು ಆಗುವುದಿಲ್ಲ, ಜೂನ್ ಬಂದರೆ ನೀರೆಲ್ಲ ರಸ್ತೆಗೆ. ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರಲ್ಲಿ ಏಪ್ರಿಲ್‌ಗೆ ಬಾವಿ ಬತ್ತುವುದು ಬೇಜಾರಿನ ವಿಷಯ ಅಲ್ವಾ?

ಗಿಡ, ಕುರ್ಚಿ, ಲೈಟು ಎಲ್ಲ ಆಮೇಲೆ. ಜೋರು ಮಳೆ ಬರುವಾಗ ಕೊಡೆ ಹಿಡಿದು ಹೊರಗೆ ನಿಲ್ಲಿ, ನೀರು ಎಲ್ಲಿಂದ ಇಳಿದು ಎಲ್ಲಿ ನಿಂತು ಯಾವ ಮೂಲೆಯಿಂದ ಹೊರಗೆ ಹೋಗುತ್ತದೆ ಎಂದು ನೋಡಿ ಕೋಲು ನೆಟ್ಟು ಗುರುತು ಮಾಡಿ. 100 ಚದರ ಮೀಟರಿನ ಮನೆ ಮಾಡಿಗೆ (ಛಾವಣಿಗೆ) 50 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 5000 ಲೀಟರ್ ನೀರು. ಅದನ್ನು ಅಂಗಳದ ತಗ್ಗಿನ ಕಡೆ ಇಂಗುಗುಂಡಿಗೆ ಬಿಡಿ. ಆದರೆ ಗುಂಡಿ ಮನೆಯ ಅಡಿಪಾಯದಿಂದ ದೂರ ಇರಲಿ. ಮಣ್ಣು ಕಡಿದು ಮನೆ ಕಟ್ಟಿದ ಜಾಗವಾದರೆ ಬರೆಯ (ಕಡಿದು ನಿಲ್ಲಿಸಿದ ಮಣ್ಣಿನ ಗೋಡೆಯ) ಮೇಲ್ಗಡೆ ಮಾತ್ರ ಗುಂಡಿ ತೋಡಲೇಬೇಡಿ, ನೀರು ಕುಡಿದ ಬರೆ ಜರಿದು ಬೀಳುತ್ತದೆ.

ನೆಲಕ್ಕೆ ನಮ್ಮ ಕಡೆಯ ಕೆಂಪು ಮುರಕಲ್ಲು (ಜಂಬಿಟ್ಟಿಗೆ) ಸಾಕು. ಹಳೇ ಗೋಡೆ ಒಡೆದ ಕಲ್ಲಿದ್ದರೆ ಇನ್ನೂ ಒಳ್ಳೆಯದು. ಮಣ್ಣು ಗುದ್ದಿ ಗಟ್ಟಿ ಮಾಡಿ, ಮೇಲೆ ಮರಳು ಹರಡಿ, ಸಿಮೆಂಟ್ ಹಾಕದೆ ಎರಡು ಬೆರಳಿನಷ್ಟು ಸಂದು ಬಿಟ್ಟು ಕಲ್ಲು ಕೂರಿಸಿ. ಸಂದಿನಲ್ಲಿ ಹುಲ್ಲು ಬರುತ್ತದೆ, ನೀರೂ ಇಳಿಯುತ್ತದೆ. ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುವುದು ನಿಜ, ಹಾಗಾಗಿ ನಡೆಯುವ ದಾರಿಗೆ ತೆಂಗಿನ ಮಡಲು (ಗರಿ) ಹಾಸಿ, ಹಿರಿಯರಿದ್ದ ಮನೆಯಲ್ಲಿ ಇದನ್ನು ಮರೆಯಬೇಡಿ.

ಕೂರುವ ಜಾಗ ಮನೆಯ ಪೂರ್ವಕ್ಕಿದ್ದರೆ ಸಂಜೆಯ ನೆರಳು ಸುಮ್ನೆ ಸಿಗುತ್ತದೆ. ಪಶ್ಚಿಮದಲ್ಲಿ ಮಾತ್ರ ಜಾಗ ಇದ್ದರೆ ರೆಂಜೆಯನ್ನೋ (ಬಕುಳ) ಸಂಪಿಗೆಯನ್ನೋ ನೆಟ್ಟು, ಅದು ಬೆಳೆಯುವವರೆಗೆ ಚಪ್ಪರ ಹಾಕಿ. ಸೀಳಿದ ಅಡಿಕೆ ಮರ ಚಪ್ಪರದ ಮೇಲಕ್ಕೆ ಚೆನ್ನ, ಆದರೆ ಕಂಬವಾಗಿ ಮಣ್ಣಿನೊಳಗೆ ಹೂತರೆ ಗೆದ್ದಲು ಬಿಡುವುದಿಲ್ಲ. ಕಂಬಕ್ಕೆ ಕಲ್ಲೋ ಕಬ್ಬಿಣದ ಪೈಪೋ ಇರಲಿ. ಬಸಳೆ ಹಬ್ಬಿಸಿದರೆ ನೆರಳೂ ಆಯಿತು, ಸಾರಿಗೆ ಸೊಪ್ಪೂ ಆಯಿತು.

ಲಾನ್ ಬೇಡ ಎಂಬುದು ನನ್ನ ಗಟ್ಟಿ ಅಭಿಪ್ರಾಯ, ಬೇಸಿಗೆಯಲ್ಲಿ ಅದಕ್ಕೆ ಸುರಿಯುವ ನೀರು ನಮ್ಮಲ್ಲಿಲ್ಲ. ಬಿಸಿಲಿಗೆ ಕೇಪಳ, ದಾಸವಾಳ, ರತ್ನಗಂಧಿ. ನೆರಳಿಗೆ ಅರಸಿನ, ಕೆಸು. ಬಚ್ಚಲ ನೀರು ಬಾಳೆ ಬುಡಕ್ಕೆ. ಒಣಗಿದ ಎಲೆ, ಅಡಿಕೆ ಸೋಗೆಗೆ ಬೆಂಕಿ ಕೊಡದೆ ಗಿಡಗಳ ಬುಡಕ್ಕೆ ದಪ್ಪಗೆ ಹೊದಿಸಿ, ಬೇಸಿಗೆಯಲ್ಲೂ ಅಡಿಯ ಮಣ್ಣು ಬೇಗ ಒಣಗುವುದಿಲ್ಲ. ಇನ್ನು ಕಳೆನಾಶಕ. ಎಂಡೋಸಲ್ಫಾನ್ ಎಂಬ ಕೀಟನಾಶಕದಿಂದ ಇಷ್ಟು ನೋವು ತಿಂದ ಜಿಲ್ಲೆ ನಮ್ಮದು, ಮಕ್ಕಳು ಆಡುವ ಅಂಗಳಕ್ಕೆ ದಯವಿಟ್ಟು ವಿಷ ಹೊಡೆಯಬೇಡಿ. ಮಳೆ ಬಿಟ್ಟ ಮರುದಿನ ಕಳೆ ಕೈಯಲ್ಲೇ ಬೇರು ಸಮೇತ ಬರುತ್ತದೆ.

ಸೊಳ್ಳೆ ಇದ್ದರೆ ಇಷ್ಟೆಲ್ಲ ಮಾಡಿಯೂ ಹೊರಗೆ ಕೂರಲು ಆಗುವುದಿಲ್ಲ. ಬಿದ್ದ ಅಡಿಕೆ ಹಾಳೆಯನ್ನು ಮಳೆ ಬಿಟ್ಟಾಗ ಬಗ್ಗಿ ನೋಡಿ, ಅದರ ಗುಳಿಯಲ್ಲಿ ಒಂದು ಲೋಟ ನೀರು, ಅದರಲ್ಲಿ ಕುಣಿಯುವ ಹುಳುಗಳು. ಡೆಂಗ್ಯೂ ಸೊಳ್ಳೆ ಬೆಳೆಯುವುದು ಇಂಥ ನೀರಿನಲ್ಲೇ, ಮೊಟ್ಟೆಯಿಂದ ರೆಕ್ಕೆ ಬರಲು ಒಂದು ವಾರದಿಂದ ಹತ್ತು ದಿನ ಸಾಕು. ಹಾಳೆ, ತೆಂಗಿನ ಚಿಪ್ಪು, ಹೂಕುಂಡದ ಅಡಿಯ ತಟ್ಟೆ ಇವನ್ನೆಲ್ಲ ಪ್ರತಿ ಭಾನುವಾರ ಕವುಚಿ ಹಾಕಿ.