ಸೋನಾ ಮಸೂರಿ ಹಾಕಿ ಮಾಡಿದ ಲೈಟ್ ಲಾಗರ್

ಮನೆಯಲ್ಲೇ ಬಿಯರ್ ಮಾಡುವ ಹವ್ಯಾಸಿಗಳ ಮುಂದೆ ಅಮೆರಿಕನ್ ಲೈಟ್ ಲಾಗರ್ (ತಣ್ಣಗೆ ಹುದುಗಿಸಿ ಮಾಡುವ ತಿಳಿಯಾದ, ಹಗುರ ಬಿಯರ್) ಹೆಸರೆತ್ತಿದರೆ ಮೂಗು ಮುರಿಯುವವರೇ ಹೆಚ್ಚು. ‘ಅದೇನ್ರೀ ಬಿಯರ್ರು, ಬರೀ ನೀರು’ ಅಂದುಬಿಡುತ್ತಾರೆ. ನಾನಿರುವುದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿಯಲ್ಲಿ. ಜರ್ಮನಿಯಿಂದ ಬಂದ ಫ್ರೆಡರಿಕ್ ಮಿಲ್ಲರ್ 1855ರಲ್ಲಿ ಪ್ಲ್ಯಾಂಕ್ ರೋಡ್ ಬ್ರುವರಿಯನ್ನು ಕೊಂಡಿದ್ದು ಇಲ್ಲೇ, ಅದೇ ಕಂಪನಿ 1975ರಲ್ಲಿ ‘ಲೈಟ್’ ಬಿಯರನ್ನು ದೇಶದ ತುಂಬ ಮಾರುಕಟ್ಟೆಗೆ ಬಿಟ್ಟಿದ್ದು. ಈ ಊರಲ್ಲಿದ್ದುಕೊಂಡು ಲೈಟ್ ಬಿಯರ್ ಬಯ್ಯುವುದೆಂದರೆ ಧಾರವಾಡದಲ್ಲಿದ್ದು ಪೇಡೆ ಬಯ್ದ ಹಾಗೆ. ನನಗಂತೂ ಈ ಬಿಯರ್ ಮೊದಲಿಂದಲೂ ಇಷ್ಟ. ಮಾಡಲು ಕಲಿತ ಮೇಲೆ ಕುಡಿಯುವ ರೀತಿಯೂ ಬದಲಾಯಿತು.

ಕಾನೂನಿನ ಮಾತು ಮೊದಲು ಮುಗಿಸಿಬಿಡುತ್ತೇನೆ. ಇಲ್ಲಿ 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆಯ ಪ್ರಕಾರ ಇಬ್ಬರು ವಯಸ್ಕರಿರುವ ಮನೆಯಲ್ಲಿ ವರ್ಷಕ್ಕೆ 200 ಗ್ಯಾಲನ್‌ವರೆಗೆ ಬಿಯರ್ ಮಾಡಿಕೊಳ್ಳಬಹುದು, ಮಾರುವಂತಿಲ್ಲ. ಕರ್ನಾಟಕದಲ್ಲಿ ಅಬಕಾರಿ ಪರವಾನಗಿ ಇಲ್ಲದೆ ಇದಕ್ಕೆ ಕೈ ಹಾಕುವಂತಿಲ್ಲ. ಊರಲ್ಲಿರುವ ಗೆಳೆಯರು ಓದಿಕೊಂಡು ಸುಮ್ಮನಿರುವುದು ಒಳ್ಳೆಯದು.

ಬಿಯರಿಗೆ ಅಕ್ಕಿ ಯಾಕೆ ಅಂತ ಎಲ್ಲರೂ ಕೇಳುತ್ತಾರೆ, ದುಡ್ಡು ಉಳಿಸಲು ಮಾಡಿದ ಕಲಬೆರಕೆ ಅಂದುಕೊಳ್ಳುತ್ತಾರೆ. ಹತ್ತೊಂಬತ್ತನೇ ಶತಮಾನದಲ್ಲಿ ಇಲ್ಲಿಗೆ ಬಂದ ಜರ್ಮನ್ನರಿಗೆ ಸಿಕ್ಕಿದ್ದು ತೆನೆಯಲ್ಲಿ ಆರು ಸಾಲು ಕಾಳಿರುವ ‘ಆರು ಸಾಲಿನ ಬಾರ್ಲಿ’. ಅದರಲ್ಲಿ ಪ್ರೋಟೀನ್ ಜಾಸ್ತಿ, ಬಿಯರ್ ಕದಡಿ ಮಂದವಾಗುತ್ತಿತ್ತು. ತಮ್ಮ ಊರಿನ ತಿಳಿ ಲಾಗರ್ ಬೇಕೆಂದು ಅವರು ಒಂದು ಪಾಲು ಮೆಕ್ಕೆಜೋಳವನ್ನೋ ಅಕ್ಕಿಯನ್ನೋ ಸೇರಿಸಿದರು. ಆರು ಸಾಲಿನ ಬಾರ್ಲಿ ಮಾಲ್ಟ್‌ನಲ್ಲಿ (ಮೊಳಕೆ ಬರಿಸಿ ಒಣಗಿಸಿದ ಕಾಳಿನಲ್ಲಿ) ಎಂಜೈಮ್ ಧಾರಾಳವಾಗಿರುವುದರಿಂದ ಅಕ್ಕಿಯ ಪಿಷ್ಟವನ್ನೂ ಅದೇ ಸಕ್ಕರೆ ಮಾಡಿಬಿಡುತ್ತದೆ. ಮಿಲ್ಲರ್‌ನವರದು ಮೆಕ್ಕೆಜೋಳದ ದಾರಿ, ಬಡ್‌ವೈಸರ್‌ನವರದು ಅಕ್ಕಿಯ ದಾರಿ. ನಾನು ಯಾವ ಕಡೆ ಅಂತ ಬೇರೆ ಹೇಳಬೇಕಿಲ್ಲ.

19 ಲೀಟರ್ ಬಿಯರಿಗೆ ನನ್ನ ಅಳತೆ: ಆರು ಸಾಲಿನ ಬಾರ್ಲಿ ಮಾಲ್ಟ್ 1.8 ಕಿಲೊ, ಅಕ್ಕಿ 800 ಗ್ರಾಂ. ಇಂಡಿಯನ್ ಅಂಗಡಿಯ ಸೋನಾ ಮಸೂರಿ ಸಾಕು. ಬಾಸ್ಮತಿ ಬೇಡ, ಅದರ ಘಮ ಇಲ್ಲಿ ಅಡ್ಡ ಬರುತ್ತದೆ. ನುಚ್ಚಕ್ಕಿ ಸಿಕ್ಕರೆ ಇನ್ನೂ ಅನುಕೂಲ. ದೊಡ್ಡ ಬ್ರುವರಿಗಳು ಕೊಳ್ಳುವುದೂ ಗಿರಣಿಯಲ್ಲಿ ಉಳಿದ ನುಚ್ಚನ್ನೇ. ಅಕ್ಕಿಯನ್ನು ಹಸಿಯಾಗಿ ಮಾಲ್ಟ್ ಜತೆ ನೆನೆಹಾಕಿದರೆ ಪ್ರಯೋಜನವಿಲ್ಲ. ಅದರ ಪಿಷ್ಟ ಬೆಂದು ಅರಳಬೇಕು, ಅಷ್ಟು ಬಿಸಿಯಲ್ಲಿ ಮಾಲ್ಟಿನ ಎಂಜೈಮ್ ಸತ್ತುಹೋಗುತ್ತದೆ. ಹಾಗಾಗಿ ಎರಡನ್ನೂ ಬೇರೆ ಬೇರೆ ಇಡಬೇಕು. ನಾನು ಐದು ಲೀಟರಿನ ಪ್ರೆಶರ್ ಕುಕ್ಕರಿನಲ್ಲಿ ಎರಡು ಸಲಕ್ಕೆ, 400 ಗ್ರಾಂ ಅಕ್ಕಿಗೆ ಎರಡು ಲೀಟರ್ ನೀರಿನಂತೆ ಹಾಕಿ ಐದಾರು ಸಲ ಕೂಗಿಸುತ್ತೇನೆ. (ಅಡುಗೆಮನೆಯ ಕುಕ್ಕರ್ ಕೊಡುವುದಿಲ್ಲ ಅಂತ ಹೆಂಡತಿ ಖಡಾಖಂಡಿತವಾಗಿ ಹೇಳಿದ್ದರಿಂದ ಇದಕ್ಕೇ ಒಂದು ಕೊಂಡೆ.) ತೆಗೆದಾಗ ಸೌಟಿಗೆ ಅಂಟದೆ ಧಾರೆಯಾಗಿ ಬೀಳುವ ಗಂಜಿ ಆಗಿರಬೇಕು, ಅಗುಳು ಕಾಣಬಾರದು.

ಅಷ್ಟರಲ್ಲಿ ದೊಡ್ಡ ಪಾತ್ರೆಯಲ್ಲಿ ಬಟ್ಟೆಯ ಚೀಲ ಇಳಿಬಿಟ್ಟು, ಎಂಟು ಲೀಟರ್ ನೀರಲ್ಲಿ ಒಡೆದ ಮಾಲ್ಟ್ ನೆನೆಸಿ 48-50 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟಿರುತ್ತೇನೆ. ಕುದಿಯುವ ಗಂಜಿಯನ್ನು ಸ್ವಲ್ಪ ಸ್ವಲ್ಪವೇ ಸುರಿದು ಕಲಕಿದರೆ ಎಲ್ಲ ಸೇರಿ 63-64 ಡಿಗ್ರಿಗೆ ಬಂದು ನಿಲ್ಲುತ್ತದೆ, ಬೇರೆ ಉರಿ ಬೇಡ. ಹತ್ತು ನಿಮಿಷ ಬಿಟ್ಟು ನೋಡಿ: ಮಂದವಾಗಿದ್ದ ಗಂಜಿ ನೀರಾಗಿರುತ್ತದೆ, ಬೆರಳದ್ದಿ ನೆಕ್ಕಿದರೆ ಸಿಹಿ. ಇಡೀ ಕೆಲಸದಲ್ಲಿ ನನಗೆ ಬಹಳ ಖುಷಿ ಕೊಡುವ ಹೊತ್ತು ಇದು. ಒಂದೂವರೆ ಗಂಟೆ ಹಾಗೇ ಬಿಟ್ಟು ಚೀಲ ಎತ್ತಿ ಹಿಂಡಿ, ಬಿಸಿನೀರು ಹಾಯಿಸಿ, ಬಂದ ರಸವನ್ನು ಒಲೆಗೇರಿಸುವುದು.

ಕುದಿಸುವಾಗ ಮುಚ್ಚಳ ಹಾಕಬಾರದು. ಮಾಲ್ಟಿನಿಂದ ಏಳುವ ಒಂದು ಗಂಧಕದ ಅಂಶ ಆವಿಯಾಗಿ ಹೋಗದಿದ್ದರೆ ಬಿಯರಿಗೆ ಬೇಯಿಸಿದ ಮೆಕ್ಕೆಜೋಳದ ವಾಸನೆ ಉಳಿಯುತ್ತದೆ. ಸ್ಟೌಟ್‌ನಂಥ ಕಪ್ಪು ಬಿಯರಿನಲ್ಲಿ ಇಂಥದ್ದು ಮುಚ್ಚಿಹೋದೀತು, ಇಲ್ಲಿ ಮರೆಯೇ ಇಲ್ಲ. 90 ನಿಮಿಷ ಕುದಿಸುತ್ತೇನೆ, ಕೊನೆಯ ಒಂದು ಗಂಟೆಗೆ ಹ್ಯಾಲರ್ಟಾವ್ ಹಾಪ್ (ಬಿಯರಿಗೆ ಕಹಿ ಕೊಡುವ ಹೂವು) ಸುಮಾರು 15 ಗ್ರಾಂ. ಕಹಿ ಇದೆಯೋ ಇಲ್ಲವೋ ಅನ್ನುವಷ್ಟು ಮಾತ್ರ.

ಇನ್ನು ‘ಲೈಟ್’ ಆಗುವ ಗುಟ್ಟು. ಮಾಲ್ಟಿನ ಎಂಜೈಮ್ ಪಿಷ್ಟವನ್ನು ಎಷ್ಟು ತುಂಡರಿಸಿದರೂ ಡೆಕ್ಸ್‌ಟ್ರಿನ್ ಎಂಬ ದೊಡ್ಡ ತುಣುಕುಗಳು ಉಳಿಯುತ್ತವೆ. ಸಕ್ಕರೆ ತಿಂದು ಆಲ್ಕೋಹಾಲ್ ಮಾಡುವ ಯೀಸ್ಟ್ ಅವನ್ನು ತಿನ್ನಲಾರದು, ನಮ್ಮ ಹೊಟ್ಟೆಗೆ ಕ್ಯಾಲೊರಿಯಾಗಿ ಬರುತ್ತವೆ. ನ್ಯೂಯಾರ್ಕಿನ ರೈನ್‌ಗೋಲ್ಡ್ ಬ್ರುವರಿಯಲ್ಲಿದ್ದ ಜೀವರಸಾಯನ ವಿಜ್ಞಾನಿ ಜೋಸೆಫ್ ಓವೇಡ್ಸ್ ಇನ್ನೊಂದು ಎಂಜೈಮ್ ಬಳಸಿ ಆ ತುಣುಕುಗಳನ್ನೂ ಸಕ್ಕರೆ ಮಾಡಿದರು. ಹಾಗೆ 1967ರಲ್ಲಿ ಬಂದ ‘ಗ್ಯಾಬ್ಲಿಂಗರ್ಸ್ ಡಯಟ್ ಬಿಯರ್’ ಸೋತಿತು. ಡಯಟ್ ಅನ್ನುವ ಬಿಯರನ್ನು ಯಾರು ಕುಡಿಯುತ್ತಾರೆ! ಮಿಲ್ಲರ್‌ನವರು ಅಂಥದ್ದನ್ನೇ ‘ರುಚಿ ಜೋರು, ಹೊಟ್ಟೆ ಭಾರವಿಲ್ಲ’ ಎಂಬ ಅರ್ಥದ ಘೋಷಣೆ ಕಟ್ಟಿ, ಆಟಗಾರರನ್ನು ಜಾಹೀರಾತಿಗೆ ತಂದು ಗೆದ್ದರು. ನಾನೂ ಯೀಸ್ಟ್ ಜತೆಗೇ ಗ್ಲುಕೊಅಮೈಲೇಸ್ ಎಂಬ ಅಂಥದೇ ಎಂಜೈಮಿನ ಪುಡಿ ಚಿಟಿಕೆ ಹಾಕುತ್ತೇನೆ. ರಸದ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನಲ್ಲಿ 1.032ರಿಂದ ಹೊರಟದ್ದು 1.000ಕ್ಕೆ ಇಳಿದು ನಿಲ್ಲುತ್ತದೆ, ಆಲ್ಕೋಹಾಲ್ 4.2 ಶೇಕಡಾ. ಮಿಲ್ಲರ್ ಲೈಟೂ 4.2, ಮಾಮೂಲಿ ಬಡ್‌ವೈಸರ್ 5. ಅಂದರೆ ಲೈಟ್ ಅಂದ ಮಾತ್ರಕ್ಕೆ ಅಮಲು ಅರ್ಧವಾಗುವುದಿಲ್ಲ. ‘ಬರೀ ಲೈಟ್ ತಾನೇ’ ಅಂತ ನಾಲ್ಕು ಕ್ಯಾನ್ ಇಳಿಸಿ ಕಾರಿನ ಕೀಲಿ ಹುಡುಕುವವರನ್ನು ನಾನು ಬಿಡುವುದಿಲ್ಲ.

ಯೀಸ್ಟ್ ಡಬ್ಲ್ಯು-34/70, ಎರಡು ಪೊಟ್ಟಣ. ಚಳಿಗಾಲದಲ್ಲಿ ನಮ್ಮ ನೆಲಮಾಳಿಗೆಯ ಮೂಲೆ ತಾನಾಗಿಯೇ 12 ಡಿಗ್ರಿ ಇರುತ್ತದೆ, ಅಲ್ಲಿ ಎರಡು ವಾರ. ಕೊನೆಗೆ ಎರಡು ಮೂರು ದಿನ ಮೇಲಿನ ಕೋಣೆಗೆ ತಂದು ಬೆಚ್ಚಗಿಟ್ಟರೆ ಬೆಣ್ಣೆಯಂಥ ವಾಸನೆಯನ್ನು ಯೀಸ್ಟೇ ತಿಂದು ಹಾಕುತ್ತದೆ. ಆಮೇಲೆ ಹಳೆಯ ಫ್ರಿಜ್ಜಿನಲ್ಲಿ ಒಂದೆರಡು ಡಿಗ್ರಿಯಲ್ಲಿ ಐದಾರು ವಾರ ಮಲಗಿಸಬೇಕು. ಹಿಂದೆ ಈ ಕೆಲಸಕ್ಕೆ ಮಿಲ್ಲರ್‌ನವರು ಗುಡ್ಡ ಕೊರೆದ ಗುಹೆಗಳಲ್ಲಿ ಮಂಜುಗಡ್ಡೆ ತುಂಬಿಡುತ್ತಿದ್ದರು. ಬ್ರುವರಿ ನೋಡಲು ಹೋದವರಿಗೆ ಈಗಲೂ ತೋರಿಸುತ್ತಾರೆ.

ಕುಡಿಯುವ ವಿಚಾರದಲ್ಲಿ ನನಗೆ ಕೆಲವು ಹಟಗಳಿವೆ. ಕ್ಯಾನಿನಿಂದಲೇ ಎತ್ತಿ ಕುಡಿಯಬೇಡಿ, ಉದ್ದನೆಯ ಗ್ಲಾಸಿಗೆ ಎತ್ತರದಿಂದ ಸುರಿದು ಎರಡು ಬೆರಳು ನೊರೆ ಬರಿಸಿ. ಇದರಲ್ಲಿರುವ ಅಷ್ಟಿಷ್ಟು ಪರಿಮಳ ಆ ನೊರೆಯಲ್ಲೇ ಇರುವುದು. ಗ್ಲಾಸಿನಲ್ಲಿ ಎಣ್ಣೆಯ ಪಸೆಯಿದ್ದರೆ ನೊರೆ ಕ್ಷಣದಲ್ಲಿ ಸಾಯುತ್ತದೆ, ಗುಳ್ಳೆಗಳು ಗೋಡೆಗೆ ಅಂಟಿ ಕೂರುತ್ತವೆ. ಫ್ರೀಜರಿನಲ್ಲಿಟ್ಟ ಮಗ್ ಬೇಡವೇ ಬೇಡ, ಅದರ ಮಂಜು ಕರಗಿ ಬಿಯರನ್ನು ನಿಜಕ್ಕೂ ನೀರು ಮಾಡುತ್ತದೆ, ನಾಲಿಗೆಯೂ ಜೋಮು ಹಿಡಿಯುತ್ತದೆ. ನನ್ನ ಲೆಕ್ಕ 4-5 ಡಿಗ್ರಿ. ಹತ್ತು ದಾಟಿತೆಂದರೆ ಇದರ ಚೆಲುವು ಮುಗಿಯಿತು, ಆದ್ದರಿಂದ ಸಣ್ಣ ಗ್ಲಾಸು, ಮತ್ತೆ ಮತ್ತೆ ತುಂಬಿಸಿಕೊಳ್ಳುವುದು.

ನಂಚಿಕೊಳ್ಳಲು ವಿಸ್ಕಾನ್ಸಿನ್ನಿನ ಶುಕ್ರವಾರದ ಫಿಶ್ ಫ್ರೈ: ಹಿಟ್ಟಿನಲ್ಲಿ ಅದ್ದಿ ಕರಿದ ಮೀನು, ರೈ ಬ್ರೆಡ್ಡು, ಎಲೆಕೋಸಿನ ಸಲಾಡು. ಕರಿದದ್ದರ ಜಿಡ್ಡನ್ನು ಈ ಬಿಯರಿನಷ್ಟು ಚೆನ್ನಾಗಿ ತೊಳೆಯುವುದು ಬೇರೊಂದಿಲ್ಲ. ನಮ್ಮ ಮನೆಯಲ್ಲಿ ಬಂಗುಡೆ ರವಾ ಫ್ರೈ, ಇಲ್ಲವೇ ಯಾರಾದರೂ ಬೆಂಗಳೂರಿಂದ ತಂದ ಕಾಂಗ್ರೆಸ್ ಕಡಲೆಬೀಜ. ಹಾಪ್ ಸುರಿದ ಐಪಿಎ ಎಂಬ ಕಹಿ ಬಿಯರಿನ ಜತೆ ಖಾರ ತಿಂದರೆ ಕಹಿಯೂ ಉರಿಯೂ ಒಂದಕ್ಕೊಂದು ಎಣ್ಣೆ ಹೊಯ್ಯುತ್ತವೆ. ಲೈಟ್ ಲಾಗರ್ ಆ ತಂಟೆಗೆ ಹೋಗುವುದಿಲ್ಲ.

ಇಟ್ಟು ಹಳತು ಮಾಡುವ ಬಿಯರಲ್ಲ ಇದು. ಗಾಳಿ ತಾಕಿದರೆ ಒದ್ದೆ ರಟ್ಟಿನ ವಾಸನೆ, ಬಿಸಿಲು ತಾಕಿದ ಬಾಟಲಿಯಾದರೆ ಸ್ಕಂಕ್ ಪ್ರಾಣಿಯ ನಾತ. ಮನೆಯದನ್ನು ಎರಡು ತಿಂಗಳೊಳಗೆ ಹಂಚಿ ಮುಗಿಸುತ್ತೇನೆ. ಅಂಗಡಿಯಲ್ಲಿ ಕೊಳ್ಳುವುದಾದರೆ ಕ್ಯಾನನ್ನೇ ಕೊಳ್ಳಿ, ಅದರ ತಳದಲ್ಲಿ ಒತ್ತಿದ ತಾರೀಖು ನೋಡಿ, ಕಪಾಟಿನ ಹಿಂದಿನ ಸಾಲಿನಿಂದ ತೆಗೆದುಕೊಳ್ಳಿ.