ಇಲ್ಲ, ಬೇಕು, ಆಗದು: ಕನ್ನಡ ದೋಷಸಂದೇಶ ಕಟ್ಟಿದ ಬಗೆ

ಬರೆದ ಸಾಲು ತಪ್ಪಿದಾಗ ಕಂಪ್ಯೂಟರ್ ತೋರಿಸುವ ದೋಷಸಂದೇಶ ಇಂಗ್ಲಿಷಿನಲ್ಲೇ ಇರಲಿ, ಕನ್ನಡದಲ್ಲಿ ಹೊಂದುವುದಿಲ್ಲ ಎಂದವರೇ ಹೆಚ್ಚು. ಈಗ ಹಾಲಿನ ಸಂಘಗಳ ದರ ಲೆಕ್ಕಕ್ಕೆಂದು ಮಾಡಿದ ಪುಟ್ಟ ನಿಯಮಭಾಷೆಯಲ್ಲಿ ಸುಮಾರು 250 ಸಂದೇಶಗಳು ಪೂರ್ತಿ ಕನ್ನಡದಲ್ಲಿವೆ. ಜಿಡ್ಡು, ಎಸ್‌ಎನ್‌ಎಫ್ (ಹಾಲಿನಲ್ಲಿ ಜಿಡ್ಡು ಬಿಟ್ಟು ಉಳಿದ ಘನಾಂಶ) ನೋಡಿ ಲೀಟರಿಗೆ ದರ ಕಟ್ಟುವ ಸಾಲುಗಳನ್ನು ಕಾರ್ಯದರ್ಶಿಗಳೇ ಬರೆಯುತ್ತಾರೆ, ತಪ್ಪಿದರೆ ಸಂದೇಶ ಓದಿ ಅವರೇ ತಿದ್ದಿಕೊಳ್ಳುತ್ತಾರೆ. ಸಹಾಯಕ್ಕೆ ಬರುತ್ತಿದ್ದ ಫೋನ್ ಕರೆ ಹೆಚ್ಚುಕಡಿಮೆ ಮೂರನೇ ಒಂದು ಪಾಲಿಗೆ ಇಳಿದಿದೆ. ಬರೆದದ್ದನ್ನು ಪದಪದವಾಗಿ ಒಡೆಯುವ ಲೆಕ್ಸರ್, ಅದರ ರಚನೆ ನೋಡುವ ಪಾರ್ಸರ್ ಬಗ್ಗೆ ಇಲ್ಲಿ ಹೇಳುವುದಿಲ್ಲ. ಇಲ್ಲಿ ಮಾತಿನ ಕೆಲಸವನ್ನಷ್ಟೇ ಹೇಳುತ್ತೇನೆ.

ಮೊದಲು ಇಂಗ್ಲಿಷ್ ಸಂದೇಶಗಳನ್ನು ಹೊರಗೆ ಕೊಟ್ಟು ಭಾಷಾಂತರ ಮಾಡಿಸಿದ್ದಾಯಿತು. ಮೂವತ್ತು-ಮೂವತ್ತೈದು ಸಾವಿರ ರೂಪಾಯಿ ನೀರಿನಲ್ಲಿ ಮಾಡಿದ ಹೋಮ. 'ಅನಿರೀಕ್ಷಿತ ಸಂಕೇತ' ಎಂದರೆ ಓದುವವರಿಗೆ ಏನೂ ತಿಳಿಯದು. 'ಕಾನೂನುಬಾಹಿರ ಅಕ್ಷರ' ಎಂದು ಪರದೆಯ ಮೇಲೆ ಬಂದರೆ ಹೆದರಿ ಕಂಪ್ಯೂಟರ್ ಆರಿಸುವವರೂ ಇದ್ದಾರೆ. ಇಂಗ್ಲಿಷಿನಲ್ಲೂ ಆ ಪದ ಬೇಡವೆಂದು ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ತಂಡ ತನ್ನ ಬರವಣಿಗೆಯ ನಿಯಮದಲ್ಲೇ ಹಾಕಿಕೊಂಡಿದೆ.

ಎರಡನೇ ಸೋಲು ವಿಭಕ್ತಿಯದು. ಸಂದೇಶದ ನಡುವೆ ಬಳಕೆದಾರ ಕೊಟ್ಟ ಹೆಸರು ಬಂದು ಕೂರಬೇಕು. 'ದರ' ಬಂದರೆ ದರವನ್ನು, 'ಜಿಡ್ಡು' ಬಂದರೆ ಜಿಡ್ಡನ್ನು, 'ಪಟ್ಟಿ' ಬಂದರೆ ಪಟ್ಟಿಯನ್ನು. ಕೊನೆಯ ಸ್ವರ ನೋಡಿ ಪ್ರತ್ಯಯ ಹಚ್ಚುವ ಎಂಬತ್ತು-ತೊಂಬತ್ತು ಸಾಲಿನ ಕೋಡ್ ಕನ್ನಡ ಹೆಸರಿಗೆ ಓಡಿತು. ಇಂಗ್ಲಿಷ್ ಅಕ್ಷರದ ಹೆಸರು, ಅಂಕಿಯಿಂದ ಮುಗಿಯುವ ಹೆಸರು ಬಂದಾಗ ಮುಗ್ಗರಿಸಿತು. ಅದನ್ನು ಪೂರ್ತಿ ಕಿತ್ತುಹಾಕಿ, ಹೆಸರಾದ ಮೇಲೆ 'ಎಂಬ' ಇಟ್ಟು, ಪ್ರತ್ಯಯವನ್ನು ಆಮೇಲಿನ ನಮ್ಮದೇ ಪದಕ್ಕೆ ಹಾಕಿದರೆ ಸಮಸ್ಯೆಯೇ ಇಲ್ಲ:

ದ-214, 12ನೇ ಸಾಲು
'ಜಿಡು' ಎಂಬ ಹೆಸರು ಸಿಗಲಿಲ್ಲ.
ಹತ್ತಿರದ ಹೆಸರು: 'ಜಿಡ್ಡು'

ಸಂದೇಶದಲ್ಲಿ ಹೆಸರೋ ಅಂಕಿಯೋ ತುಂಬುವ ಜಾಗ ಮುಗಿದ ಕೂಡಲೇ ಕನ್ನಡ ಅಕ್ಷರ ಅಂಟಿ ಬಂದರೆ ಬಿಲ್ಡ್ (ತಂತ್ರಾಂಶ ಕಟ್ಟುವ ಹಂತ) ನಿಲ್ಲುವಂತೆ ಒಂದು ರೆಜೆಕ್ಸ್ (ಅಕ್ಷರಗಳ ಮಾದರಿ ಹುಡುಕುವ ಸೂತ್ರ) ಹಾಕಿದೆ. 'ನೇ' ಒಂದಕ್ಕೆ ಮಾತ್ರ ವಿನಾಯಿತಿ, ಅದು ಯಾವ ಅಂಕಿಗೂ ಹೊಂದುತ್ತದೆ. ಬಹುವಚನದ ಯಂತ್ರವೂ ಬೇಕಾಗಲಿಲ್ಲ: '1 ಕಂಸ ಮುಚ್ಚಿಲ್ಲ', '3 ಕಂಸ ಮುಚ್ಚಿಲ್ಲ', ಎರಡೂ ಸರಿಯಾದ ಕನ್ನಡವೇ.

ಕ್ರಿಯಾಪದವೇ ಈ ವಿಧಾನದ ಬೆನ್ನೆಲುಬು. ಎಲ್ಲ ಸಂದೇಶವೂ ಮೂರರಲ್ಲಿ ಒಂದರಿಂದ ಮುಗಿಯಬೇಕು. ಇರಬೇಕಾದದ್ದು ಕಾಣದಿದ್ದರೆ 'ಇಲ್ಲ' ಅಥವಾ 'ಸಿಗಲಿಲ್ಲ'. ಒಂದರ ಜಾಗದಲ್ಲಿ ಇನ್ನೊಂದಿದ್ದರೆ 'ಬೇಕು'. ಮಾಡಬಾರದ ಲೆಕ್ಕವಾದರೆ 'ಆಗದು': 'ಸಂಖ್ಯೆಗೆ ಪದ ಕೂಡಿಸಲು ಆಗದು.' ಈ ರೂಪಗಳು ('ಕೂಡಿಸಲು ಆಗದು' ಎನ್ನುವಂಥ ಬಳಕೆಯಲ್ಲಿ 'ಆಗದು' ಸಹ) ಲಿಂಗ, ವಚನಕ್ಕೆ ಬದಲಾಗುವುದಿಲ್ಲ. ಆದ್ದರಿಂದ ಎಡಕ್ಕೆ ಏನು ಬಂದು ಕೂತರೂ ವಾಕ್ಯ ಕೆಡುವುದಿಲ್ಲ. ಓದುವವರಿಗೆ ವಾಕ್ಯದ ಕೊನೆ ಕಂಡರೆ ಸಾಕು, ಸೇರಿಸಬೇಕೋ ಬದಲಿಸಬೇಕೋ ತೆಗೆಯಬೇಕೋ ಗೊತ್ತಾಗುತ್ತದೆ. 'ನೀವು' ಸಂದೇಶದಲ್ಲಿ ಬರಬಾರದು. ಸಲಹೆಯ ಸಾಲಿನಲ್ಲಿ ಮಾತ್ರ 'ಸೇರಿಸಿ', 'ತೆಗೆಯಿರಿ'.

ನಾಮಪದಗಳಿಗೆ ಸುಮಾರು 40 ಪದಗಳ ಪಟ್ಟಿ. ಒಂದು ವಸ್ತುವಿಗೆ ಒಂದೇ ಹೆಸರು, ಕೈಪಿಡಿಯಲ್ಲೂ ಅದೇ. ಮೊದಲು ಕಂಸ, ಆವರಣ, ಬ್ರಾಕೆಟ್ ಮೂರೂ ಓಡಾಡುತ್ತಿದ್ದವು. 'ಕಂಸ' ಉಳಿಸಿ ಉಳಿದೆರಡನ್ನು ನಿಷೇಧದ ಪಟ್ಟಿಗೆ ಸೇರಿಸಿದೆ. ಟೋಕನ್, ನೋಡ್‌ನಂಥ ಭಾಷೆ ಕಟ್ಟುವವರ ಒಳಮನೆಯ ಪದಗಳೂ ಅದೇ ಪಟ್ಟಿಯಲ್ಲಿವೆ. ಪಿಎಚ್‌ಪಿ ಭಾಷೆಯಲ್ಲಿ ಎರಡು ಚುಕ್ಕೆಜೋಡಿಗೆ (::) ಇಟ್ಟ ಹೀಬ್ರೂ ಟೋಕನ್ ಹೆಸರು ಎಷ್ಟು ಜನರನ್ನು ಕಂಗೆಡಿಸಿತೆಂದು ನಿಮಗೆ ನೆನಪಿರಬಹುದು. ಮೇಲಿನ ದ-214ರಂಥ ಸಂಕೇತ ಸಂಖ್ಯೆಯನ್ನು ಮಾತ್ರ ಎಂದಿಗೂ ಬದಲಿಸಬೇಡಿ, ರಸ್ಟ್‌ನ ಇ0382 ಥರ ಅದು ಹಾಗೇ ಉಳಿಯಬೇಕು. ಫೋನಿನಲ್ಲಿ ಜನ ಓದಿ ಹೇಳುವುದು ಅದನ್ನೇ.

ಮುಚ್ಚದ ಕಂಸಕ್ಕೆ ಪೈಥಾನ್ ಭಾಷೆಯ 3.10 ಆವೃತ್ತಿ (2021) ಹಿಡಿದ ದಾರಿಯೇ ಒಳ್ಳೆಯದು: ಕಡತದ ಕೊನೆಯನ್ನಲ್ಲ, ತೆರೆದ ಕಂಸವನ್ನು ತೋರಿಸುವುದು. ಅಲ್ಲಿಗೇ ನಿಲ್ಲಿಸಿ, ಮುಂದಿನ ದೋಷಗಳನ್ನು ನುಂಗಿಬಿಡಿ.

'ಹತ್ತಿರದ ಹೆಸರು' ಹುಡುಕುವುದರಲ್ಲಿ ಬಹಳ ಸಮಯ ಹೋಯಿತು, ಆದರೆ ಅತಿ ಹೆಚ್ಚು ಮೆಚ್ಚುಗೆ ಬಂದದ್ದೂ ಅದಕ್ಕೇ. ರಸ್ಟ್ ಕಂಪೈಲರಿನಂತೆ ಹೆಸರಿನ ಉದ್ದದ ಮೂರನೇ ಒಂದು ಭಾಗವನ್ನು ತಿದ್ದುಪಡಿಯ (ಒಂದು ಹೆಸರನ್ನು ಇನ್ನೊಂದಾಗಿಸಲು ಸೇರಿಸುವ, ತೆಗೆಯುವ, ಬದಲಿಸುವ ಹೆಜ್ಜೆಯ) ಮಿತಿಯಾಗಿ ಇಟ್ಟು ನೋಡಿದೆ. ಉದ್ದವನ್ನು ಬೈಟ್‌ನಲ್ಲಿ ಎಣಿಸಿದರೆ 'ದರ' 6 ಬೈಟ್, ಮಿತಿ 2. ಬರಿಯ ಎರಡು ವ್ಯಂಜನದ ಯಾವ ಹೆಸರೂ ಹತ್ತಿರದ್ದೇ ಆಗಿಬಿಡುತ್ತದೆ. ಕೋಡ್‌ಪಾಯಿಂಟ್‌ನಲ್ಲಿ (ವ್ಯಂಜನ, ಸ್ವರಚಿಹ್ನೆಗಳಿಗೆ ಯುನಿಕೋಡ್ ಕೊಟ್ಟ ಬಿಡಿ ಸಂಖ್ಯೆಗಳಲ್ಲಿ) ಎಣಿಸಿದರೆ 'ಜಿಡು' 4, ಮಿತಿ 1. 'ಜಿಡ್ಡು' ಎರಡು ತಿದ್ದುಪಡಿ ದೂರ, ಹಾಗಾಗಿ ಸಿಗುವುದೇ ಇಲ್ಲ. ಒತ್ತಕ್ಷರ ಬಿಟ್ಟದ್ದನ್ನು ಒಂದೇ ತಿದ್ದುಪಡಿ ಎಂದು ಎಣಿಸಿದ ಮೇಲೆ ಸರಿಹೋಯಿತು. ಹ್ರಸ್ವ-ದೀರ್ಘ, ಅಲ್ಪಪ್ರಾಣ-ಮಹಾಪ್ರಾಣ, ಲ-ಳ, ನ-ಣ ಜೋಡಿಗಳಿಗೆ ಇನ್ನೂ ಕಡಿಮೆ ತೂಕ. ಆ ತೂಕದ ಕೋಷ್ಟಕ ಮಾತ್ರ ನನ್ನ ಹತ್ತಿರವೇ ಇರಲಿ. ನಿಮ್ಮ ಬಳಕೆದಾರರ ತಪ್ಪುಗಳಿಂದ ನಿಮ್ಮದನ್ನು ಕಟ್ಟಿಕೊಳ್ಳುವುದೇ ಮೇಲು.

ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ ಎನ್ನುವ ದೋಷಗಳು ಇನ್ನೊಂದು ಬಗೆ. 'ಕೋ' ಎಂಬುದು 2 ಕೋಡ್‌ಪಾಯಿಂಟ್ ಆಗಿಯೂ ಬರುತ್ತದೆ, ಬಿಡಿಸಿದಾಗ 4 ಆಗಿಯೂ ಬರುತ್ತದೆ. ಲೆಕ್ಸರಿಗೆ ಮುನ್ನವೇ ಎನ್‌ಎಫ್‌ಸಿ (ಬಿಡಿಸಿದ ರೂಪಗಳನ್ನು ಕೂಡಿಸಿ ಒಂದೇ ಮಾಡುವ ಯುನಿಕೋಡ್ ಕ್ರಮ) ಮಾಡಿ. ಆದರೆ ಅದು ಒತ್ತಕ್ಷರ ಆಗದಂತೆ ತಡೆಯುವ ಝಡ್‌ಡಬ್ಲ್ಯುಎನ್‌ಜೆ ಎಂಬ ಕಾಣದ ಅಕ್ಷರವನ್ನು ತೆಗೆಯುವುದಿಲ್ಲ. 'ಎಸ್‌ಎನ್‌ಎಫ್' ಅದರೊಂದಿಗೂ ಇಲ್ಲದೆಯೂ ಪರದೆಯಲ್ಲಿ ಒಂದೇ ಥರ ಕಾಣುತ್ತದೆ, 'ಹೆಸರು ಸಿಗಲಿಲ್ಲ' ಎಂದರೆ ಯಾರೂ ನಂಬರು. ಇದಕ್ಕೆ ಒಳ್ಳೆಯ ಸಂದೇಶ ಬರೆಯುವ ಪ್ರಯತ್ನ ಬಿಟ್ಟು, ಹೋಲಿಸುವಾಗ ಆ ಅಕ್ಷರವನ್ನೇ ಉದುರಿಸಿದೆ. ಸೊನ್ನೆ-ಅನುಸ್ವಾರಕ್ಕೆ ಮಾತ್ರ ಪ್ರತ್ಯೇಕ ಸಂದೇಶ ಬೇಕೇ ಬೇಕು: "'೧ಂ' ಎಂಬಲ್ಲಿ ಅನುಸ್ವಾರದ ಜಾಗಕ್ಕೆ ಸೊನ್ನೆ ಬೇಕು."

ಪರೀಕ್ಷೆ ಅಗ್ಗದ್ದು. ಕಡತ ಕೆಡಿಸಿ ಕೊಟ್ಟು, ಸಂದೇಶವನ್ನು ಫೋನಿನಲ್ಲಿ ಓದಿ ಹೇಳುವುದು. ಕೇಳಿದವರು ಪರದೆ ನೋಡದೆ ಏನು ತಿದ್ದಬೇಕೆಂದು ಹೇಳಿದರೆ ಪಾಸು. ಒಬ್ಬೊಬ್ಬರಿಗೆ 500 ರೂಪಾಯಿಯಂತೆ ಕೊಟ್ಟರೂ ಭಾಷಾಂತರದ ಕಾಲು ಭಾಗವೂ ಖರ್ಚಾಗಲಿಲ್ಲ.

ದೋಷದ ಕೆಳಗೆ ಬಾಣದ ಗುರುತು ಇಡುವುದನ್ನು ಕೈಬಿಡಿ. 'ಕ್ಷೀರ' ಪರದೆಯಲ್ಲಿ ಎರಡಕ್ಷರ, ಕೋಡ್‌ಪಾಯಿಂಟ್ 5, ಬೈಟ್ 15; ಪರದೆಯಲ್ಲಿ ಎಷ್ಟು ಅಗಲ ಸಿಗುತ್ತದೆ ಎಂಬುದು ಟರ್ಮಿನಲ್ ಮತ್ತು ಫಾಂಟಿನ ಕೈಯಲ್ಲಿದೆ. ಯಾವ ಲೆಕ್ಕ ಹಾಕಿದರೂ ಬಾಣ ಪಕ್ಕದ ಪದಕ್ಕೆ ಜಾರುತ್ತಿತ್ತು. ಈಗ ಸಾಲನ್ನು ಮತ್ತೆ ಅಚ್ಚು ಹಾಕುವಾಗ ತಪ್ಪಿದ ಪದವನ್ನೇ »« ಗುರುತುಗಳ ನಡುವೆ ಇಡುತ್ತೇನೆ. ಟ್ಯಾಬ್ ಬೆರೆತ ಸಾಲಿಗೂ ಅದೇ ಸಾಕಾಯಿತು.