ಸೀನಿಯರ್‌ಗಳನ್ನು ಹೀಗೆ ಕೇಳಿ ನೋಡಿ
ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ಊರಿಗೆ ಬರುವ ಸೀನಿಯರ್‌ಗಳನ್ನು ‘ಕೆಲಸ ಹೇಗಿದೆ?’ ಅಂತ ಕೇಳಬೇಡಿ. ‘ಹೋದ ಮಂಗಳವಾರ ಬೆಳಗ್ಗೆಯಿಂದ ರಾತ್ರಿವರೆಗೆ ಏನೇನು ಮಾಡಿದ್ರಿ?’ ಅಂತ ಕೇಳಿ. ಮೊದಲನೆಯದಕ್ಕೆ ‘ಪರವಾಗಿಲ್ಲ, ಚೆನ್ನಾಗಿ ಓದು’ ಅನ್ನೋ ಉತ್ತರ ಸಿದ್ಧವೇ ಇರುತ್ತದೆ. ಒಂದು ದಿನದ ಲೆಕ್ಕವನ್ನು ನೆನಪು ಮಾಡಿಕೊಂಡೇ ಹೇಳಬೇಕು. ಪೊನ್ನಂಪೇಟೆಯಲ್ಲಿ ಅರಣ್ಯಶಾಸ್ತ್ರ ಓದಿ ಆರ್‌ಎಫ್‌ಒ (ವಲಯ ಅರಣ್ಯಾಧಿಕಾರಿ) ಆದವರು ಆಗ ಕಾಡಿನ ಚಂದ ಹೇಳುವುದಿಲ್ಲ. ರಾತ್ರಿ ತೋಟಕ್ಕೆ ಆನೆ ನುಗ್ಗಿದೆ ಅಂತ ಬಂದ ಫೋನು, ಮರುದಿನ ಬರೆದ ಮಹಜರು, ಬೆಳೆ ಪರಿಹಾರದ ಫೈಲು, ಇವನ್ನು ಹೇಳುತ್ತಾರೆ. ನಮಗೆ ಬೇಕಾದ್ದು ಅದೇ ಅಲ್ವಾ? ಕೆಲಸ ಸಿಕ್ಕಿದ್ದು ಹೇಗೆ ಅನ್ನೋದಕ್ಕೆ ಮಾತ್ರ ಈ ಪ್ರಶ್ನೆ ಸಾಲದು. ಅದಕ್ಕೆ ಎರಡು-ಮೂರು ವರ್ಷದ ಹಿಂದೆ ಪಾಸಾದವರನ್ನೇ ಹಿಡಿಯಿರಿ, ಹಳಬರು ಹೇಳುವ ದಾರಿ ಈಗ ಬದಲಾಗಿರಬಹುದು. ಮನೆಯವರೆಲ್ಲ ಕೂತಿರುವಾಗಂತೂ ಕೇಳಲೇಬೇಡಿ, ಸಂಬಳದ ಮಾತು ಸುಮ್ನೆ ನುಂಗಿಬಿಡ್ತಾರೆ.